ಆಕಾಶಕ್ಕೆ ಕನ್ನಡಿ ಹಿಡಿದ ವೈನು ಬಪ್ಪು

ಬೇಸಿಗೆಯ ರಾತ್ರಿ. ಆದೋನಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮನೆಯೊಳಗಿನ ಸೆಕೆ ತಾಳಲಾರದೆ ಜನರು ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಳ್ಳುತ್ತಾರೆ. ಹಗಲೆಲ್ಲಾ ಕಾದಿದ್ದ ಬಂಡೆಗಲ್ಲಿನ ಬೆಟ್ಟಗಳು ಮೆಲ್ಲಮೆಲ್ಲನೆ ತಣ್ಣಗಾಗುತ್ತವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮೋಡಗಳೂ ಕಡಿಮೆ. ಅಂಗಾತ ಮಲಗಿ ನೋಡಿದರೆ ಆಕಾಶದ ತುಂಬ ನಕ್ಷತ್ರಗಳು. ಎಣಿಸಲು ಹೋದರೆ ನಿದ್ದೆಯೇ ಬಂದುಬಿಡುತ್ತದೆ.

ಮಕ್ಕಳೇ, ಆ ನಕ್ಷತ್ರಗಳನ್ನು ನೋಡುವಾಗ ನಿಮಗೂ ಒಂದು ಪ್ರಶ್ನೆ ಹುಟ್ಟಿರಬಹುದು. ನಮ್ಮ ಸೂರ್ಯನೂ ಒಂದು ನಕ್ಷತ್ರವೇ. ಸೂರ್ಯನ ಸುತ್ತ ನಮ್ಮ ಭೂಮಿ ತಿರುಗುತ್ತದೆ. ಹಾಗಾದರೆ ಬೇರೆ ನಕ್ಷತ್ರಗಳ ಸುತ್ತಲೂ ಭೂಮಿಯಂತಹ ಗ್ರಹಗಳು ತಿರುಗುತ್ತಿವೆಯೇ? ಅಲ್ಲಿಯೂ ನೀರು, ಗಾಳಿ, ಗಿಡಮರಗಳು ಇರಬಹುದೇ?

ಈ ಪ್ರಶ್ನೆಗೆ ಬರಿಗಣ್ಣಿನಿಂದ ಉತ್ತರ ಸಿಗುವುದಿಲ್ಲ. ನಮ್ಮ ಕಣ್ಣಿನ ಪಾಪೆಯು ಬಹಳ ಚಿಕ್ಕದು. ಕತ್ತಲಲ್ಲಿ ಅದು ಅಗಲವಾಗಿ ತೆರೆದರೂ ಸುಮಾರು 6 ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣ ಕಿಂಡಿಯಿಂದ ಒಳಗೆ ಬರುವ ಬೆಳಕೂ ಸ್ವಲ್ಪವೇ. ದೂರದ ಮಂಕು ವಸ್ತುಗಳನ್ನು ಕಾಣಲು ದೊಡ್ಡ ಕಣ್ಣು ಬೇಕು. ಆ ದೊಡ್ಡ ಕಣ್ಣೇ ದೂರದರ್ಶಕ. ದೊಡ್ಡ ದೂರದರ್ಶಕಗಳಲ್ಲಿ ಬೆಳಕನ್ನು ಹಿಡಿಯುವುದು ಒಂದು ಕನ್ನಡಿ. ಅಂತಹ ದೊಡ್ಡ ಕನ್ನಡಿಯನ್ನು ನಮ್ಮ ದೇಶದಲ್ಲಿಯೇ, ನಮ್ಮ ಕೈಗಳಿಂದಲೇ ಸಿದ್ಧಗೊಳಿಸಬೇಕೆಂದು ಹಟ ಹಿಡಿದು ಕೆಲಸ ಮಾಡಿದ ಒಬ್ಬ ವಿಜ್ಞಾನಿಯ ಕಥೆಯನ್ನು ಈ ಪಾಠದಲ್ಲಿ ಓದೋಣ. ಅವರೇ ವೈನು ಬಪ್ಪು.

ವೈನು ಬಪ್ಪುರವರು 1927ನೆಯ ಇಸವಿ ಆಗಸ್ಟ್ 10ರಂದು ಚೆನ್ನೈ ನಗರದಲ್ಲಿ ಜನಿಸಿದರು. ಅವರ ಮನೆತನದವರು ಕೇರಳದ ತಲಶ್ಶೇರಿಯವರು. ತಂದೆಯವರಿಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ. ವೀಕ್ಷಣಾಲಯ ಎಂದರೆ ದೂರದರ್ಶಕಗಳನ್ನು ಇಟ್ಟು ಆಕಾಶವನ್ನು ನೋಡುವ ಸ್ಥಳ. ಹೀಗಾಗಿ ಬಪ್ಪುರವರ ಬಾಲ್ಯವು ಹೈದರಾಬಾದಿನಲ್ಲಿಯೇ ಕಳೆಯಿತು. ತಂದೆ ತಾಯಿಯರಿಗೆ ಅವರು ಒಬ್ಬನೇ ಮಗ.

ಇತರ ಮಕ್ಕಳು ಆಟದ ಬಯಲಿಗೆ ಹೋದಂತೆ ಈ ಹುಡುಗ ವೀಕ್ಷಣಾಲಯಕ್ಕೆ ಹೋಗಿ ಬರುತ್ತಿದ್ದನು. ರಾತ್ರಿಯ ಹೊತ್ತು ದೂರದರ್ಶಕದ ಮೂಲಕ ಚಂದ್ರನನ್ನೂ ಗ್ರಹಗಳನ್ನೂ ನೋಡುವ ಭಾಗ್ಯ ಅವನದಾಗಿತ್ತು. ಕೆಲವು ನಕ್ಷತ್ರಗಳ ಬೆಳಕು ಒಮ್ಮೆ ಹೆಚ್ಚುತ್ತದೆ, ಒಮ್ಮೆ ಕಡಿಮೆಯಾಗುತ್ತದೆ. ಬಪ್ಪುರವರು ವಿದ್ಯಾರ್ಥಿಯಾಗಿದ್ದಾಗಲೇ ಇಂತಹ ನಕ್ಷತ್ರಗಳನ್ನು ಗಮನವಿಟ್ಟು ನೋಡಿ, ಲೆಕ್ಕ ಬರೆದಿಟ್ಟು, ಲೇಖನಗಳನ್ನು ಪ್ರಕಟಿಸಿದರು. ನೋಡಿದ್ದನ್ನು ಬರೆದಿಡುವುದು ವಿಜ್ಞಾನಿಯ ಮೊದಲ ಅಭ್ಯಾಸ. ಅದು ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಬಂದಿತ್ತು.

ಮದ್ರಾಸು ವಿಶ್ವವಿದ್ಯಾಲಯದ ಪದವಿ ಪಡೆದ ಬಳಿಕ ಅವರು ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಾ ದೇಶಕ್ಕೆ ಹೋದರು. ಅಲ್ಲಿಯ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಆಗ ಆಕಾಶದ ಛಾಯಾಚಿತ್ರಗಳನ್ನು ಗಾಜಿನ ಹಲಗೆಗಳ ಮೇಲೆ ತೆಗೆಯುತ್ತಿದ್ದರು. 1949ರ ಜುಲೈ 2ರಂದು ತಾವು ತೆಗೆದ ಅಂತಹ ಒಂದು ಚಿತ್ರವನ್ನು ಬಪ್ಪುರವರು ಪರೀಕ್ಷಿಸುತ್ತಿದ್ದರು. ಅದರಲ್ಲಿ ಅವರಿಗೆ ಹೊಸದೊಂದು ಮಂಕು ಗುರುತು ಕಾಣಿಸಿತು. ಅದು ಅದುವರೆಗೆ ಯಾರೂ ಕಂಡಿರದ ಧೂಮಕೇತು! ಬಾರ್ಟ್ ಬಾಕ್ ಎಂಬ ಪ್ರಾಧ್ಯಾಪಕರೂ ಗಾರ್ಡನ್ ನ್ಯೂಕರ್ಕ್ ಎಂಬ ಜೊತೆಯ ವಿದ್ಯಾರ್ಥಿಯೂ ಈ ಕೆಲಸದಲ್ಲಿ ಅವರಿಗೆ ನೆರವಾದರು. ಆದುದರಿಂದ ಆ ಧೂಮಕೇತುವಿಗೆ ಬಪ್ಪು-ಬಾಕ್-ನ್ಯೂಕರ್ಕ್ ಎಂದು ಮೂವರ ಹೆಸರನ್ನೂ ಇಟ್ಟರು. ಆಗ ಬಪ್ಪುರವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

1952ರಲ್ಲಿ ಅವರು ಡಾಕ್ಟರೇಟ್ ಪದವಿಯನ್ನು ಪಡೆದರು. ಆ ಬಳಿಕ ಅಮೆರಿಕಾದ ಪಾಲೋಮಾರ್ ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಅವಕಾಶ ಅವರಿಗೆ ದೊರೆಯಿತು. ಅಲ್ಲಿದ್ದ ದೂರದರ್ಶಕದ ಕನ್ನಡಿಯ ಅಗಲ ಸುಮಾರು 5 ಮೀಟರ್. ಆಗ ಪ್ರಪಂಚದಲ್ಲಿಯೇ ಅದಕ್ಕಿಂತ ದೊಡ್ಡ ದೂರದರ್ಶಕ ಇರಲಿಲ್ಲ. ದೊಡ್ಡ ಕನ್ನಡಿಯ ಶಕ್ತಿ ಎಂತಹದೆಂಬುದನ್ನು ಬಪ್ಪುರವರು ಹತ್ತಿರದಿಂದ ಕಂಡರು.

ಅಲ್ಲಿ ಆಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಸೇರಿ ಅವರು ಒಂದು ಮುಖ್ಯವಾದ ಸಂಗತಿಯನ್ನು ಕಂಡುಹಿಡಿದರು. ಕತ್ತಲಲ್ಲಿ ದೂರದ ಹೊಲದಲ್ಲಿ ಒಂದು ದೀಪ ಕಾಣುತ್ತದೆ ಎಂದುಕೊಳ್ಳಿರಿ. ಅದು ಹತ್ತಿರದ ಸಣ್ಣ ದೀಪವೋ, ದೂರದ ದೊಡ್ಡ ದೀಪವೋ ನಮಗೆ ತಿಳಿಯುವುದಿಲ್ಲ. ದೀಪದ ನಿಜವಾದ ಪ್ರಕಾಶ ಎಷ್ಟೆಂದು ಗೊತ್ತಾದರೆ ಅದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ನಕ್ಷತ್ರಗಳ ವಿಷಯವೂ ಹಾಗೆಯೇ. ಕೆಲವು ಬಗೆಯ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿ ಕಾಣುವ ಒಂದು ಗೆರೆಯ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ ಎಂದು ಇವರು ತೋರಿಸಿಕೊಟ್ಟರು. 1957ರಲ್ಲಿ ಪ್ರಕಟವಾದ ಈ ಶೋಧಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎಂದು ಹೆಸರು. ಇಂದಿಗೂ ವಿಜ್ಞಾನಿಗಳು ಇದನ್ನು ಓದುತ್ತಾರೆ.

ಅಮೆರಿಕಾದಲ್ಲಿಯೇ ಉಳಿದಿದ್ದರೆ ಅವರಿಗೆ ದೊಡ್ಡ ದೊಡ್ಡ ದೂರದರ್ಶಕಗಳು ಸುಲಭವಾಗಿ ಸಿಗುತ್ತಿದ್ದವು. ಆದರೆ ಬಪ್ಪುರವರು 1953ರಲ್ಲಿ ಭಾರತಕ್ಕೆ ಮರಳಿದರು. ಆಗ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆರೇ ವರ್ಷಗಳಾಗಿದ್ದವು. ಇಲ್ಲಿದ್ದ ದೂರದರ್ಶಕಗಳು ಹಳೆಯವು, ಚಿಕ್ಕವು. ಅವರು ಮೊದಲು ಉತ್ತರ ಪ್ರದೇಶದ ಸರಕಾರಿ ವೀಕ್ಷಣಾಲಯದ ಹೊಣೆಯನ್ನು ಹೊತ್ತರು. ವಾರಾಣಸಿಯಲ್ಲಿ ಆರಂಭವಾಗಿದ್ದ ಅದು 1955ರಲ್ಲಿ ನೈನಿತಾಲಿಗೆ ಹೋಯಿತು. 1960ರಲ್ಲಿ ಬಪ್ಪುರವರು ತಮಿಳುನಾಡಿನ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕನಾಲ್ ಸೂರ್ಯನನ್ನು ನೋಡಲು ಹೆಸರಾದ ಸ್ಥಳ. ಆದರೆ ರಾತ್ರಿಯ ನಕ್ಷತ್ರಗಳನ್ನು ನೋಡಲು ಬೇರೊಂದು ಜಾಗ ಬೇಕಿತ್ತು. ಅಲ್ಲಿ ಊರಿನ ದೀಪಗಳ ಬೆಳಕು ಇರಬಾರದು. ಗಾಳಿ ಶಾಂತವಾಗಿರಬೇಕು. ಮೋಡ ಕಡಿಮೆ ಇರಬೇಕು. ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣಬೇಕು. ಇಂತಹ ಜಾಗವನ್ನು ಹುಡುಕಿ ಹುಡುಕಿ ಕೊನೆಗೆ ಬಪ್ಪುರವರು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕವಲೂರು ಎಂಬ ಹಳ್ಳಿಯನ್ನು ಆರಿಸಿಕೊಂಡರು. ಸುತ್ತಲೂ ಕಾಡು. ಸಮುದ್ರ ಮಟ್ಟದಿಂದ ಸುಮಾರು 725 ಮೀಟರ್ ಎತ್ತರ. ರಾತ್ರಿಯಾದರೆ ಗಾಢವಾದ ಕತ್ತಲು. ಕತ್ತಲೆಂದರೆ ನಾವು ಹೆದರುತ್ತೇವೆ. ನಕ್ಷತ್ರ ನೋಡುವವರಿಗೆ ಕತ್ತಲೇ ಸಂಪತ್ತು!

1968ರಲ್ಲಿ ಕವಲೂರಿನಲ್ಲಿ ಕೆಲಸ ಆರಂಭವಾಯಿತು. ಮೊದಲು ನಿಂತ ದೂರದರ್ಶಕದ ಕನ್ನಡಿಯ ಅಗಲ ಕೇವಲ 38 ಸೆಂಟಿಮೀಟರ್. ಅಂದರೆ ನಮ್ಮ ಮನೆಯ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಆದರೆ ಅದು ಕೊಡೈಕನಾಲಿನಲ್ಲಿ ನಮ್ಮವರೇ ತಯಾರಿಸಿದ ದೂರದರ್ಶಕವಾಗಿತ್ತು. 1971ರಲ್ಲಿ ಈ ವೀಕ್ಷಣಾಲಯಗಳೆಲ್ಲ ಸೇರಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಬಪ್ಪುರವರೇ ಅದರ ನಿರ್ದೇಶಕರಾದರು. ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ಸಂಸ್ಥೆಯ ಮುಖ್ಯ ಕಚೇರಿ ಬಂದಿತು. 1972ರಲ್ಲಿ ಜರ್ಮನಿಯಿಂದ ತಂದ 1 ಮೀಟರ್ ಅಗಲದ ಕನ್ನಡಿಯ ದೂರದರ್ಶಕವು ಕವಲೂರಿನಲ್ಲಿ ಕೆಲಸ ಮಾಡತೊಡಗಿತು.

ಈ ದೂರದರ್ಶಕವು ಬೇಗನೆ ಹೆಸರು ಪಡೆಯಿತು. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹವು ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಕವಲೂರಿನ ವಿಜ್ಞಾನಿಗಳು ಆ ನಕ್ಷತ್ರದ ಬೆಳಕನ್ನು ಬಿಡದೆ ಅಳೆಯುತ್ತಿದ್ದರು. ಗ್ರಹವು ಇನ್ನೂ ನಕ್ಷತ್ರದ ಬಳಿಗೆ ಬಂದಿರಲಿಲ್ಲ. ಆದರೂ ನಕ್ಷತ್ರದ ಬೆಳಕು ಸ್ವಲ್ಪ ಹೊತ್ತು ಕುಂದಿ ಮತ್ತೆ ಮೊದಲಿನಂತಾಯಿತು. ಅದೇ ರಾತ್ರಿ ವಿಮಾನದಲ್ಲಿ ದೂರದರ್ಶಕವಿಟ್ಟುಕೊಂಡು ಹಾರುತ್ತಿದ್ದ ಅಮೆರಿಕಾದ ವಿಜ್ಞಾನಿಗಳೂ ಹೀಗೆಯೇ ಕಂಡರು. ಇದಕ್ಕೆ ಕಾರಣವೇನು? ಶನಿಗ್ರಹಕ್ಕೆ ಇರುವಂತೆ ಯುರೇನಸ್ ಗ್ರಹದ ಸುತ್ತಲೂ ತೆಳುವಾದ ಬಳೆಗಳಿದ್ದವು! ಅವು ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಂದಿತ್ತು. ಕಣ್ಣಿಗೆ ಕಾಣದ ವಸ್ತುವನ್ನು ಅದರ ನೆರಳಿನಿಂದ ಕಂಡುಹಿಡಿಯುವ ಈ ಉಪಾಯವನ್ನು ನೆನಪಿಡಿರಿ. ಪಾಠದ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ನೆನಪಿಡಬೇಕಾದ ಇನ್ನೊಂದು ಉಪಾಯವೂ ಇದೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ದಟ್ಟ ನೆರಳು ಕರ್ನಾಟಕವನ್ನು ದಾಟಿ, ನಮ್ಮ ತುಂಗಭದ್ರೆಯ ಆಚೆಗಿರುವ ರಾಯಚೂರಿನ ಮೇಲೆ ಹಾದು ಮುಂದೆ ಹೋಯಿತು. ನಮ್ಮ ಸೀಮೆಯಲ್ಲಿಯೂ ಸೂರ್ಯನು ಬಹುಪಾಲು ಮರೆಯಾಗಿ ಹಗಲೇ ಬೆಳಕು ಮಂಕಾಯಿತು. ಅಂದು ಬಹಳಷ್ಟು ಜನರು ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದರು. ಬಪ್ಪುರವರ ಸಂಸ್ಥೆಯವರು ಮಾತ್ರ ಯಂತ್ರಗಳನ್ನು ಹೊತ್ತುಕೊಂಡು ಕರ್ನಾಟಕದ ಬಯಲಿನಲ್ಲಿ ಬೀಡುಬಿಟ್ಟಿದ್ದರು.

ಏಕೆ ಗೊತ್ತೇ? ಸೂರ್ಯನ ಸುತ್ತ ಕರೋನಾ ಎಂಬ ಬಹಳ ಮಂಕಾದ ಪ್ರಭಾವಲಯವಿದೆ. ಸೂರ್ಯಬಿಂಬದ ಪ್ರಖರ ಬೆಳಕಿನಲ್ಲಿ ಅದು ನಮಗೆ ಕಾಣುವುದಿಲ್ಲ. ಚಂದ್ರನು ಬಿಂಬವನ್ನು ಪೂರ್ತಿಯಾಗಿ ಮುಚ್ಚಿದ ಆ ಎರಡು ಮೂರು ನಿಮಿಷಗಳಲ್ಲಿ ಅದು ಕಾಣುತ್ತದೆ. ದೊಡ್ಡ ಬೆಳಕನ್ನು ಮರೆಮಾಡಿದರೆ ಚಿಕ್ಕ ಬೆಳಕು ಕಾಣುತ್ತದೆ. ಇದೇ ಆ ಎರಡನೆಯ ಉಪಾಯ. (ಮಕ್ಕಳೇ, ಗ್ರಹಣವಾಗಲಿ ಬೇರೆ ದಿನವಾಗಲಿ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಕಣ್ಣಿಗೆ ಅಪಾಯವಾಗುತ್ತದೆ.)

ಕವಲೂರಿನಲ್ಲಿ ಇಷ್ಟೆಲ್ಲ ಕೆಲಸವಾದರೂ ಬಪ್ಪುರವರ ಮನಸ್ಸಿನಲ್ಲಿ ಇನ್ನೂ ಒಂದು ದೊಡ್ಡ ಆಸೆ ಉಳಿದಿತ್ತು. ಅದಕ್ಕಿಂತ ದೊಡ್ಡ ದೂರದರ್ಶಕ ಬೇಕು. ಅದನ್ನು ಹೊರದೇಶದಿಂದ ಕೊಂಡು ತರಬಹುದಿತ್ತು. ಆದರೆ ಕೊಂಡು ತಂದ ಯಂತ್ರವು ಕೆಟ್ಟರೆ ಸರಿಪಡಿಸಲು ಮತ್ತೆ ಹೊರಗಿನವರನ್ನೇ ಕರೆಯಬೇಕು. ನಾವೇ ಮಾಡಿದರೆ ಆ ವಿದ್ಯೆ ನಮ್ಮಲ್ಲಿಯೇ ಉಳಿಯುತ್ತದೆ. ಆದುದರಿಂದ 2.34 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಭಾರತದಲ್ಲಿಯೇ ಕಟ್ಟುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. ಅಷ್ಟು ದೊಡ್ಡ ಕನ್ನಡಿಯನ್ನು ನಮ್ಮವರು ಅದುವರೆಗೆ ಮಾಡಿರಲಿಲ್ಲ.

ಕನ್ನಡಿ ಮಾಡುವುದು ಅಷ್ಟು ಕಷ್ಟವೇ ಎಂದು ನೀವು ಕೇಳಬಹುದು. ಇದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಇದರ ನಡುಭಾಗವು ತಟ್ಟೆಯಂತೆ ಸ್ವಲ್ಪ ತಗ್ಗಾಗಿರಬೇಕು. ಆಗ ಅದರ ಮೇಲೆ ಬಿದ್ದ ಬೆಳಕೆಲ್ಲ ಒಂದೇ ಬಿಂದುವಿನಲ್ಲಿ ಬಂದು ಸೇರುತ್ತದೆ. ಗಂಧ ತೇಯುವ ಸಾಣೆಕಲ್ಲನ್ನು ನೀವು ನೋಡಿರಬಹುದು. ತೇದು ತೇದು ಅದರ ನಡುಭಾಗವು ತಗ್ಗಾಗಿರುತ್ತದೆ. ದೂರದರ್ಶಕದ ಕನ್ನಡಿಯೂ ಹೀಗೆ ಉಜ್ಜುವುದರಿಂದಲೇ ಆಗುತ್ತದೆ.

ಇದಕ್ಕೆ ಬೇಕಾದ ಗಾಜು ವಿಶೇಷವಾದುದು. ಬಿಸಿಯಾದರೂ ತಣ್ಣಗಾದರೂ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎನ್ನಬಹುದು. ಆ ಗಾಜಿನ ದೊಡ್ಡ ಬಿಲ್ಲೆಯನ್ನು ಜರ್ಮನಿಯಿಂದ ತರಿಸಿದರು. ಅದನ್ನು ಉಜ್ಜಿ ಕನ್ನಡಿಯಾಗಿಸುವ ಕೆಲಸವೆಲ್ಲ ಬೆಂಗಳೂರಿನ ಪ್ರಯೋಗಾಲಯದಲ್ಲಿ ನಡೆಯಿತು. ಇಂತಹ ಕನ್ನಡಿಯನ್ನು ಮೊದಲು ಒರಟು ಪುಡಿ ಮತ್ತು ನೀರು ಹಾಕಿ ಉಜ್ಜುತ್ತಾರೆ. ಬಳಿಕ ನುಣುಪು ಪುಡಿ. ಆಮೇಲೆ ಇನ್ನೂ ನುಣುಪಾದ ಪುಡಿ. ಒಂದು ಒರಟು ಪುಡಿಯ ಕಣ ಉಳಿದರೂ ಗಾಜಿನ ಮೇಲೆ ಗೀರು ಬೀಳುತ್ತದೆ. ಉಜ್ಜಿದಾಗ ಗಾಜಿನ ಮೈ ಸ್ವಲ್ಪ ಬಿಸಿಯಾಗುತ್ತದೆ. ಅದು ತಣಿಯುವವರೆಗೆ ಕಾಯಬೇಕು. ಆಮೇಲೆ ಬೆಳಕು ಬಿಟ್ಟು ಪರೀಕ್ಷಿಸಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ಮತ್ತೆ ಉಜ್ಜಬೇಕು. ಹೆಚ್ಚು ಉಜ್ಜಿದರೆ ಹಳ್ಳವಾಗುತ್ತದೆ. ಕಳೆದ ಗಾಜನ್ನು ಮತ್ತೆ ಅಂಟಿಸಲು ಬರುವುದಿಲ್ಲ!

ಇದರಲ್ಲಿ ಎಷ್ಟು ಎಚ್ಚರ ಬೇಕು ಗೊತ್ತೇ? ನಿಮ್ಮ ತಲೆಯ ಒಂದು ಕೂದಲನ್ನು ತೆಗೆದುಕೊಳ್ಳಿರಿ. ಅದರ ದಪ್ಪವನ್ನು ಸಾವಿರ ಪಾಲು ಮಾಡಿರಿ. ಕನ್ನಡಿಯ ಮೈಯಲ್ಲಿ ಅಂತಹ ಒಂದು ಪಾಲಿನಷ್ಟು ಏರುತಗ್ಗು ಇದ್ದರೂ ಚಿತ್ರ ಕೆಡತೊಡಗುತ್ತದೆ. ಹೀಗಾಗಿ ಇದು ದಿನದಲ್ಲಿ ಮುಗಿಯುವ ಕೆಲಸವಲ್ಲ, ವರ್ಷಗಟ್ಟಲೆ ನಡೆಯುವ ಕೆಲಸ. ಎಲ್ಲ ಸರಿಯಾದ ಮೇಲೆ ಗಾಳಿ ತೆಗೆದ ದೊಡ್ಡ ಪಾತ್ರೆಯಲ್ಲಿ ಗಾಜನ್ನು ಇಟ್ಟು ಅದರ ಮೇಲೆ ಅಲ್ಯೂಮಿನಿಯಂ ಲೋಹದ ಅತಿ ತೆಳುವಾದ ಪದರವನ್ನು ಕೂರಿಸುತ್ತಾರೆ. ಆಗ ಗಾಜು ಕನ್ನಡಿಯಾಗುತ್ತದೆ.

ಕನ್ನಡಿಯೊಂದೇ ಸಾಲದು. ಅದನ್ನು ಹೊರುವ ಭಾರಿ ಚೌಕಟ್ಟು ಬೇಕು. ಭೂಮಿಯು ತಿರುಗುತ್ತಿರುವುದರಿಂದ ನಕ್ಷತ್ರಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಗುವಂತೆ ಕಾಣುತ್ತವೆ. ಅವುಗಳ ಜೊತೆಗೇ ದೂರದರ್ಶಕವೂ ಮೆಲ್ಲನೆ, ಅಲುಗಾಡದೆ ತಿರುಗಬೇಕು. ಆ ಭಾರಿ ಚೌಕಟ್ಟನ್ನು ಮಹಾರಾಷ್ಟ್ರದ ವಾಲ್ಚಂದ್‌ನಗರದ ಕಾರ್ಖಾನೆಯಲ್ಲಿ ತಯಾರಿಸಿದರು. ಹೀಗೆ ದೇಶದ ಬೇರೆ ಬೇರೆ ಕಡೆಯ ಕೈಗಳು ಈ ಕೆಲಸದಲ್ಲಿ ಸೇರಿಕೊಂಡವು.

ಈ ನಡುವೆ ಬಪ್ಪುರವರ ಕೀರ್ತಿ ಪ್ರಪಂಚದಲ್ಲೆಲ್ಲ ಹರಡಿತ್ತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಎಲ್ಲ ದೇಶಗಳ ಖಗೋಳವಿಜ್ಞಾನಿಗಳು ಸೇರಿದ ಆ ಸಂಘಕ್ಕೆ ಅಧ್ಯಕ್ಷರಾದ ಮೊದಲ ಭಾರತೀಯರು ಅವರೇ. 1981ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಇಷ್ಟು ದೊಡ್ಡವರಾದರೂ ಅವರ ಮನಸ್ಸೆಲ್ಲ ಕವಲೂರಿನ ದೂರದರ್ಶಕದ ಮೇಲೆಯೇ ಇತ್ತು.

ಆದರೆ ಆ ದೂರದರ್ಶಕದಲ್ಲಿ ನಕ್ಷತ್ರವನ್ನು ನೋಡುವ ಭಾಗ್ಯ ಅವರಿಗೆ ಬರಲಿಲ್ಲ. 1982ರಲ್ಲಿ ಅವರ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ತೀರಿಕೊಂಡರು. ಐವತ್ತೈದನೆಯ ಹುಟ್ಟುಹಬ್ಬ ಕಳೆದು ಒಂಬತ್ತೇ ದಿನಗಳಾಗಿದ್ದವು. ದೂರದರ್ಶಕದ ಕೆಲಸವು ಇನ್ನೂ ಮುಗಿದಿರಲಿಲ್ಲ.

ಮುಂದೇನು? ಮುಖ್ಯರು ಹೋದ ಮೇಲೆ ಕೆಲಸವೂ ನಿಂತುಹೋಗುವುದನ್ನು ನಾವು ಎಷ್ಟೋ ಕಡೆ ಕಾಣುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಬಪ್ಪುರವರು ಯಂತ್ರವನ್ನಷ್ಟೇ ಕಟ್ಟುತ್ತಿರಲಿಲ್ಲ, ಅದನ್ನು ಕಟ್ಟಬಲ್ಲ ಜನರನ್ನೂ ತಯಾರು ಮಾಡಿದ್ದರು. ಅವರು ಬಿಟ್ಟುಹೋದ ಕೆಲಸವನ್ನು ಜೊತೆಗಾರರೂ ಶಿಷ್ಯರೂ ಪೂರ್ಣಗೊಳಿಸಿದರು. 1986ರ ಜನವರಿ 6ರಂದು ಆಗಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಕವಲೂರಿಗೆ ಬಂದರು. ವೀಕ್ಷಣಾಲಯಕ್ಕೂ ಹೊಸ ದೂರದರ್ಶಕಕ್ಕೂ ವೈನು ಬಪ್ಪುರವರ ಹೆಸರನ್ನೇ ಇಟ್ಟರು. ಆ ಕನ್ನಡಿಯು ನಮ್ಮ ಕಣ್ಣಿಗಿಂತ ಸುಮಾರು ಒಂದೂವರೆ ಲಕ್ಷ ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಗಾಳಿಯು ಅಡ್ಡಿಮಾಡದಿದ್ದರೆ 40 ಕಿಲೋಮೀಟರ್ ದೂರದಲ್ಲಿಟ್ಟ ಒಂದು ಚಿಕ್ಕ ನಾಣ್ಯವನ್ನೂ ಅದು ಗುರುತಿಸಬಲ್ಲದು.

ಆದರೆ ಗಾಳಿಯು ಅಡ್ಡಿಮಾಡುತ್ತದೆಯಲ್ಲ! ನಕ್ಷತ್ರಗಳು ಮಿನುಗುವುದು ಗಾಳಿಯ ಅಲುಗಾಟದಿಂದಲೇ. ಬಿಸಿಲಿನಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ದೂರದ ಎತ್ತಿನ ಗಾಡಿ ಅಲುಗಾಡುವಂತೆ ಕಾಣುವುದಿಲ್ಲವೇ? ಇದೂ ಹಾಗೆಯೇ. ಜೊತೆಗೆ ನೇರಳಾತೀತ ಕಿರಣಗಳಂತಹ ಕೆಲವು ಬೆಳಕುಗಳನ್ನು ಗಾಳಿಯು ನೆಲದವರೆಗೆ ಬರಲು ಬಿಡುವುದೇ ಇಲ್ಲ. ಆದುದರಿಂದ ವಿಜ್ಞಾನಿಗಳು ಗಾಳಿಯಿಲ್ಲದ ಆಕಾಶಕ್ಕೇ ದೂರದರ್ಶಕಗಳನ್ನು ಕಳುಹಿಸತೊಡಗಿದರು.

ಅಲ್ಲಿ ಕನ್ನಡಿಯ ಕೆಲಸ ಇನ್ನೂ ಕಷ್ಟ. 1990ರಲ್ಲಿ ಅಮೆರಿಕಾದವರು ಹಬಲ್ ಎಂಬ ದೂರದರ್ಶಕವನ್ನು ಹಾರಿಸಿದರು. ಅದರ ಕನ್ನಡಿ 2.4 ಮೀಟರ್, ನಮ್ಮ ಕವಲೂರಿನ ಕನ್ನಡಿಗಿಂತ ಸ್ವಲ್ಪವೇ ದೊಡ್ಡದು. ಹಾರಿಸಿದ ಮೇಲೆ ನೋಡಿದರೆ ಚಿತ್ರಗಳೆಲ್ಲ ಮಸುಕು! ಕನ್ನಡಿಯನ್ನು ಉಜ್ಜುವಾಗ ಅದರ ಅಂಚು ಕೂದಲಿನ ದಪ್ಪದ ಐವತ್ತರಲ್ಲಿ ಒಂದು ಪಾಲಿನಷ್ಟು ತಪ್ಪಿಹೋಗಿತ್ತು. 1993ರಲ್ಲಿ ಗಗನಯಾತ್ರಿಗಳು ಹೋಗಿ, ಕಣ್ಣು ಮಂಜಾದವರಿಗೆ ಕನ್ನಡಕ ಹಾಕಿದಂತೆ, ಅದಕ್ಕೆ ಹೊಸ ಉಪಕರಣಗಳನ್ನು ಜೋಡಿಸಿ ಸರಿಪಡಿಸಿದರು. ಕನ್ನಡಿ ಉಜ್ಜುವವರ ಕೈಯಲ್ಲಿ ಎಷ್ಟು ದೊಡ್ಡ ಹೊಣೆಯಿದೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶವೂ ಹಿಂದೆ ಉಳಿಯಲಿಲ್ಲ. 2015ರ ಸೆಪ್ಟೆಂಬರ್ 28ರಂದು ನಮ್ಮ ಆಂಧ್ರ ಪ್ರದೇಶದ ಶ್ರೀಹರಿಕೋಟದಿಂದ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವು ಹಾರಿತು. ಅದರಲ್ಲಿದ್ದ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿದವರಲ್ಲಿ ಬಪ್ಪುರವರು ಕಟ್ಟಿದ ಸಂಸ್ಥೆಯವರೇ ಮುಂದಾಳುಗಳು. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಧೂಳಿಲ್ಲದ ಕೋಣೆಯಲ್ಲಿ ಅದನ್ನು ಜೋಡಿಸಿದರು. ನಮ್ಮ ಆದೋನಿಯ ಹತ್ತಿ ಗಿರಣಿಗಳಲ್ಲಿ ನವಿರಾದ ಎಳೆಗಳು ಗಾಳಿಯಲ್ಲಿ ತೇಲಾಡುತ್ತವೆ. ಅಂತಹ ಒಂದು ಎಳೆಯೂ ಆ ಕೋಣೆಯೊಳಗೆ ಹೋಗಬಾರದು!

2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯು ಶ್ರೀಹರಿಕೋಟದಿಂದಲೇ ಹೊರಟಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ ಹೋಗಿ ಅದು ಸೂರ್ಯನನ್ನು ನೋಡತೊಡಗಿತು. ಅದರಲ್ಲಿ ಹೊಸಕೋಟೆಯಲ್ಲಿ ತಯಾರಾದ ಒಂದು ದೂರದರ್ಶಕವಿದೆ. ಅದು ಸೂರ್ಯಬಿಂಬದ ಬೆಳಕನ್ನು ತನ್ನೊಳಗೇ ಬದಿಗೆ ಸರಿಸಿ ಕರೋನಾವನ್ನು ಮಾತ್ರ ನೋಡುತ್ತದೆ. ಗ್ರಹಣಕ್ಕಾಗಿ ಕಾಯಬೇಕಾಗಿಲ್ಲ. ಬಪ್ಪುರವರ ಕಾಲದಲ್ಲಿ ಚಂದ್ರನು ಎರಡು ಮೂರು ನಿಮಿಷ ಮಾಡಿದ ಕೆಲಸವನ್ನು ಈಗ ಈ ಯಂತ್ರವೇ ಮಾಡುತ್ತದೆ.

ಈಗ ಮಾಳಿಗೆಯ ಮೇಲೆ ಕೇಳಿದ ಪ್ರಶ್ನೆಗೆ ಮರಳೋಣ. ಬೇರೆ ನಕ್ಷತ್ರಗಳ ಸುತ್ತ ಗ್ರಹಗಳಿವೆಯೇ? ಇವೆ. ಸೂರ್ಯನಂತಹ ಇನ್ನೊಂದು ನಕ್ಷತ್ರದ ಸುತ್ತ ಒಂದು ಗ್ರಹವಿರುವುದು 1995ರಲ್ಲಿ ತಿಳಿದುಬಂದಿತು. ಇಲ್ಲಿಯವರೆಗೆ ಅಂತಹ 6,000ಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. 2009ರಲ್ಲಿ ಹಾರಿಸಿದ ಕೆಪ್ಲರ್ ಎಂಬ ದೂರದರ್ಶಕವೊಂದೇ 2,600ಕ್ಕಿಂತ ಹೆಚ್ಚು ಗ್ರಹಗಳನ್ನು ಕಂಡುಹಿಡಿಯಲು ನೆರವಾಯಿತು. ಹೇಗೆ? ಗ್ರಹವು ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಕೊಂಚ ಕುಂದುತ್ತದೆ. ಕವಲೂರಿನಲ್ಲಿ ಯುರೇನಸ್‌ನ ಬಳೆಗಳನ್ನು ಕಂಡ ಉಪಾಯವೂ ಇಂತಹದೇ ಅಲ್ಲವೇ?

ಆದರೆ ಗ್ರಹವಿದ್ದರೆ ಸಾಲದು. ಅದು ತನ್ನ ನಕ್ಷತ್ರಕ್ಕೆ ತೀರ ಹತ್ತಿರವಿದ್ದರೆ ನೀರೆಲ್ಲ ಆವಿಯಾಗುತ್ತದೆ. ತೀರ ದೂರವಿದ್ದರೆ ನೀರೆಲ್ಲ ಮಂಜುಗಡ್ಡೆಯಾಗುತ್ತದೆ. ನೀರು ನೀರಾಗಿಯೇ ಇರುವಷ್ಟು ಹಿತವಾದ ದೂರದಲ್ಲಿ ಅದು ಇರಬೇಕು. ಅಲ್ಲಿಯ ಗಾಳಿಯಲ್ಲಿ ಏನಿದೆ ಎಂದು ತಿಳಿಯಲು ಆ ಗ್ರಹದಿಂದ ಬರುವ ಬೆಳಕನ್ನೇ ಹಿಡಿದು ನೋಡಬೇಕು. ಅದು ಬಹಳ ಕಷ್ಟ. ರಾತ್ರಿಯಲ್ಲಿ ಆದೋನಿ ನಿಲ್ದಾಣಕ್ಕೆ ಬರುವ ರೈಲಿನ ಎಂಜಿನ್ ದೀಪವನ್ನು ದೂರದಿಂದ ನೋಡಿರಿ. ಆ ದೀಪದ ಪಕ್ಕದಲ್ಲಿಯೇ ಒಂದು ಮಿಂಚುಹುಳು ಹಾರುತ್ತಿದ್ದರೆ ಅದು ಕಾಣುತ್ತದೆಯೇ? ನಮ್ಮ ಸೂರ್ಯನು ಭೂಮಿಗಿಂತ ಸುಮಾರು 1,000 ಕೋಟಿ ಪಟ್ಟು ಹೆಚ್ಚು ಪ್ರಕಾಶವಾಗಿ ಕಾಣುತ್ತಾನೆ. ದೂರದ ಭೂಮಿಗಳನ್ನು ಕಾಣಬೇಕಾದರೆ ಅವುಗಳ ಸೂರ್ಯನನ್ನು ಮರೆಮಾಡಬೇಕು. ಗ್ರಹಣದ ಉಪಾಯವೇ ಇಲ್ಲಿಯೂ ಬೇಕು.

2021ರ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ 6.5 ಮೀಟರ್ ಅಗಲವಿದೆ. ಚಿನ್ನದ ಲೇಪವಿರುವ ಹದಿನೆಂಟು ತುಂಡುಗಳನ್ನು ಜೇನುಗೂಡಿನಂತೆ ಜೋಡಿಸಿ ಅದನ್ನು ಮಾಡಿದ್ದಾರೆ. ಅದು ಕೆಲವು ಗ್ರಹಗಳ ಗಾಳಿಯನ್ನು ಪರೀಕ್ಷಿಸುತ್ತಿದೆ. ಜೀವಿಗಳಿರಬಹುದಾದ ಗ್ರಹಗಳನ್ನೇ ಹುಡುಕುವ ಇನ್ನೂ ನುಣುಪಾದ, ಒಂದಿಷ್ಟೂ ಅಲುಗಾಡದ ಕನ್ನಡಿಗಳ ಬಗ್ಗೆ ವಿಜ್ಞಾನಿಗಳು ಈಗ ಯೋಚಿಸುತ್ತಿದ್ದಾರೆ. ಭೂಮಿಯ ಹೊರಗೆ ಇದುವರೆಗೆ ಎಲ್ಲಿಯೂ ಜೀವ ಕಂಡುಬಂದಿಲ್ಲ. ಹುಡುಕಾಟವು ಮುಂದುವರಿದಿದೆ.

ವೈನು ಬಪ್ಪುರವರು ತಾವು ನೆಟ್ಟ ಮರದ ಹಣ್ಣನ್ನು ತಿನ್ನಲಿಲ್ಲ. ಆದರೆ ಕತ್ತಲ ರಾತ್ರಿಗಳಲ್ಲಿ ಕವಲೂರಿನ ದೊಡ್ಡ ಕನ್ನಡಿಯು ಈಗಲೂ ಆಕಾಶದ ಕಡೆ ತೆರೆದುಕೊಳ್ಳುತ್ತದೆ. ಗಾಜನ್ನು ತಾಳ್ಮೆಯಿಂದ ಉಜ್ಜುವ, ಅಳೆಯುವ, ಮತ್ತೆ ಉಜ್ಜುವ ವಿದ್ಯೆ ನಮ್ಮ ನೆಲದಲ್ಲಿ ಉಳಿದಿದೆ. ಆಕಾಶದಲ್ಲಿ ಒಂದು ಚಿಕ್ಕ ಗ್ರಹವೂ ಅವರ ಹೆಸರನ್ನು ಹೊತ್ತು ಸೂರ್ಯನ ಸುತ್ತ ತಿರುಗುತ್ತಿದೆ. ಮುಂದಿನ ದೊಡ್ಡ ಕನ್ನಡಿಯನ್ನು ಉಜ್ಜುವ ಕೈ, ಅದರಲ್ಲಿ ಇನ್ನೊಂದು ಭೂಮಿಯನ್ನು ಮೊದಲು ನೋಡುವ ಕಣ್ಣು, ಇಂದು ಮಾಳಿಗೆಯ ಮೇಲೆ ಮಲಗಿ ನಕ್ಷತ್ರಗಳನ್ನು ಎಣಿಸುತ್ತಿರುವ ನಿಮ್ಮಲ್ಲಿ ಒಬ್ಬರದಾಗಿರಬಾರದೇಕೆ?

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ವೈನು ಬಪ್ಪುರವರ ತಂದೆ ಎಲ್ಲಿ ಕೆಲಸ ಮಾಡುತ್ತಿದ್ದರು?
2. ವೀಕ್ಷಣಾಲಯ ಎಂದರೇನು?
3. ಕವಲೂರಿನ ದೊಡ್ಡ ದೂರದರ್ಶಕದ ಕನ್ನಡಿಯ ಅಗಲ ಎಷ್ಟು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಪ್ಪುರವರು ಕವಲೂರನ್ನು ಏಕೆ ಆರಿಸಿಕೊಂಡರು?
2. ದೂರದರ್ಶಕದ ಕನ್ನಡಿಯನ್ನು ಹೇಗೆ ತಯಾರಿಸುತ್ತಾರೆ?
3. ದೂರದರ್ಶಕಗಳನ್ನು ಆಕಾಶಕ್ಕೆ ಏಕೆ ಕಳುಹಿಸುತ್ತಾರೆ?

ಇ) ಮಾಡಿ ನೋಡಿರಿ.
1. ಹೊಳೆಯುವ ಹೊಸ ಚಮಚದ ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ನಿಮ್ಮ ಮುಖವನ್ನು ನೋಡಿರಿ. ಏನು ವ್ಯತ್ಯಾಸ ಕಂಡಿತು? ಬರೆಯಿರಿ.
2. 1980ರ ಸೂರ್ಯಗ್ರಹಣದ ದಿನ ನಿಮ್ಮ ಊರಿನಲ್ಲಿ ಏನಾಯಿತು ಎಂದು ಊರಿನ ಹಿರಿಯರನ್ನು ಕೇಳಿ ತಿಳಿದು ತರಗತಿಯಲ್ಲಿ ಹೇಳಿರಿ.